ಪದಚರ್ಚೆ: ಸ್ತ್ರೀರೋಗ ಚಿಕಿತ್ಸೆಯ ತಿಳಿವಳಿಕೆ ಪತ್ರದಲ್ಲಿ ‘ಅರಿವಳಿಕೆ’ಯ ಬಗೆಗಳಿಗೆ ಯಾವ ಪದ?

ಮಾನ್ಯ ಸದಸ್ಯರೇ,

ಯೋನಿದ್ವಾರದ ಬಳಿ ಮಾಡುವ ಒಂದು ಚಿಕ್ಕ ಶಸ್ತ್ರಚಿಕಿತ್ಸೆಯ ಬಗ್ಗೆ ಹೆಣ್ಣುಮಕ್ಕಳಿಗಾಗಿ ಕನ್ನಡದಲ್ಲಿ ತಿಳಿವಳಿಕೆ ಪತ್ರವೊಂದನ್ನು ಬರೆಯುವ ಹೊಣೆ ನನ್ನ ಪಾಲಿಗೆ ಬಂದಿದೆ. ವೈದ್ಯಕೀಯ ಸಂಗತಿಗಳನ್ನು ವೈದ್ಯರು ನೋಡಿ ಒಪ್ಪಿದ್ದಾರೆ. ಆದರೆ ‘ಯಾವ ಬಗೆಯ ಅನಸ್ತೇಷಿಯಾ ಬೇಕೆಂದು ನೀವು ವೈದ್ಯರೊಡನೆ ಮಾತಾಡಿ ಆರಿಸಿಕೊಳ್ಳಬಹುದು’ ಎಂಬ ಭಾಗಕ್ಕೆ ಬಂದಾಗ, ಅನಸ್ತೇಷಿಯಾಕ್ಕೆ, ಎಂದರೆ ನೋವು ತಿಳಿಯದಂತೆ ಮದ್ದು ಕೊಡುವ ಕ್ರಮಕ್ಕೆ, ಈಗ ಚಾಲ್ತಿಯಲ್ಲಿರುವ ‘ಅರಿವಳಿಕೆ’ ಮೊದಲಾದ ಕನ್ನಡ ಪದಗಳು ಓದುಗರನ್ನು ತಪ್ಪು ಆಯ್ಕೆಯ ಕಡೆಗೆ ತಳ್ಳುತ್ತವೆ ಎಂಬುದು ನನಗೆ ದಿನೇ ದಿನೇ ಖಚಿತವಾಗುತ್ತಿದೆ. ನಿಮ್ಮ ಅಭಿಪ್ರಾಯಗಳನ್ನು ಕೇಳುವುದಕ್ಕಾಗಿ ವಿಷಯವನ್ನು ತುಸು ವಿವರವಾಗಿಯೇ ಮುಂದಿಡುತ್ತಿದ್ದೇನೆ.

ಮೊದಲು ಚಿಕಿತ್ಸೆ ಯಾವುದೆಂದು ಹೇಳಿಬಿಡುತ್ತೇನೆ. ಯೋನಿದ್ವಾರದ ಕೆಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ, ಬಟಾಣಿ ಕಾಳಿನಷ್ಟು ಗಾತ್ರದ ಎರಡು ಗ್ರಂಥಿಗಳಿವೆ. ಇವುಗಳಿಗೆ ಬಾರ್ತೊಲಿನ್ ಗ್ರಂಥಿಗಳೆಂದು ಹೆಸರು. ಇವುಗಳ ಕಿರುನಾಳ ಕಟ್ಟಿಕೊಂಡರೆ ಒಳಗಿನ ದ್ರವ ಹೊರಬರಲಾಗದೆ ಗಂಟು ಊದಿಕೊಳ್ಳುತ್ತದೆ. ಸೋಂಕು ತಗುಲಿದರೆ ಕೀವು ತುಂಬಿ, ಕೂರಲೂ ನಡೆಯಲೂ ಆಗದಷ್ಟು ನೋವು ಕೊಡುತ್ತದೆ. ಆ ಗಂಟನ್ನು ಕೊಯ್ದು, ಅದರ ಗೋಡೆಯ ಅಂಚುಗಳನ್ನು ಹೊರಚರ್ಮಕ್ಕೆ ಹೊಲಿದು, ದ್ರವ ಹರಿದುಹೋಗಲು ಶಾಶ್ವತವಾದ ಚಿಕ್ಕ ಬಾಯೊಂದನ್ನು ಉಳಿಸುವುದು ಒಂದು ವಿಧಾನ. ಚಿಕ್ಕ ರಂಧ್ರ ಮಾಡಿ, ತುದಿಯಲ್ಲಿ ಬಲೂನಿರುವ ಸಣ್ಣ ಕೊಳವೆಯನ್ನು ಸುಮಾರು ನಾಲ್ಕು ವಾರ ಅಲ್ಲಿಯೇ ಬಿಡುವುದು ಇನ್ನೊಂದು. ಎರಡೂ ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲ. ಆದರೆ ಹೆಂಗಸು ಅಂಗಾತ ಮಲಗಿ, ಕಾಲುಗಳನ್ನು ಆಧಾರದ ಮೇಲೆ ಅಗಲಿಸಿ ಇಟ್ಟುಕೊಂಡಿರುವಾಗ ನಡೆಯುವ ಕೆಲಸವಾದ್ದರಿಂದ, ‘ನೋವಾಗುತ್ತದೆಯೇ’ ಎಂಬ ಪ್ರಶ್ನೆಗಿಂತ ‘ನನಗೆ ಎಚ್ಚರವಿರುತ್ತದೆಯೇ’ ಎಂಬ ಪ್ರಶ್ನೆ ಅನೇಕರಿಗೆ ದೊಡ್ಡದಾಗಿರುತ್ತದೆ. ಎಚ್ಚರವಿದ್ದರೆ ನಾಚಿಕೆಯಿಂದ ಸತ್ತೇಹೋಗುತ್ತೇನೆ ಎನ್ನುವವರಿದ್ದಾರೆ. ಎಚ್ಚರವಿಲ್ಲದೆ ಅಂಥ ಸ್ಥಿತಿಯಲ್ಲಿ ಅಪರಿಚಿತರ ನಡುವೆ ಮಲಗುವುದು ಖಂಡಿತ ಬೇಡ ಎನ್ನುವವರೂ ಅಷ್ಟೇ ಇದ್ದಾರೆ. ಎರಡೂ ಸಹಜವಾದ ಭಾವನೆಗಳೇ. ಪತ್ರ ಈ ಪ್ರಶ್ನೆಗೆ ಮೊದಲ ಸಾಲಿನಲ್ಲಿಯೇ ಉತ್ತರ ಕೊಡಬೇಕು.

ಈಗ ‘ಅರಿವಳಿಕೆ’ಗೆ ಬರುತ್ತೇನೆ. ಅರಿವು ಮತ್ತು ಅಳಿಕೆ ಸೇರಿ ಆದ ಈ ಪದ ಅಚ್ಚಗನ್ನಡದ್ದು, ಕಿವಿಗೆ ಹಿತವಾದದ್ದು, ನನಗೂ ಪ್ರಿಯವಾದದ್ದು. (ಪತ್ರಿಕೆಗಳಲ್ಲಿ, ಆಸ್ಪತ್ರೆಗಳ ಫಲಕಗಳಲ್ಲಿ ಇದು ‘ಅರವಳಿಕೆ’ ಎಂದು ಕಾಣಿಸಿಕೊಳ್ಳುವುದು ಎಷ್ಟು ಸಾಮಾನ್ಯವೆಂದರೆ, ಪದದ ಒಡಲಲ್ಲಿ ‘ಅರಿವು’ ಇದೆ ಎಂಬುದೇ ಹಲವರ ಗಮನಕ್ಕೆ ಬರುವುದಿಲ್ಲ.) ತೊಂದರೆಯಿರುವುದು ಅರ್ಥದ ಹರವಿನಲ್ಲಿ. ಕನ್ನಡದ ‘ಅರಿವು’ ಎಂದರೆ ತಿಳಿವು, ಪ್ರಜ್ಞೆ, ಎಚ್ಚರ. ‘ಅರಿವೇ ಗುರು’ ಎನ್ನುವಾಗಿನ ಅರಿವು. ಚರ್ಮಕ್ಕೆ ಸೂಜಿ ತಾಗಿದ್ದು ತಿಳಿಯುವ ಸಂವೇದನೆಯೂ ಅದರ ಒಂದು ಅಂಚಿನಲ್ಲಿದೆಯಾದರೂ ನಡುವಿನ ಅರ್ಥ ಅದಲ್ಲ. ಹೀಗಾಗಿ ಅರಿವಳಿಕೆ ಎಂದೊಡನೆ ಓದುಗರ ಮನಸ್ಸಿಗೆ ಬರುವುದು ಪ್ರಜ್ಞೆ ತಪ್ಪುವುದು.

ಇಂಗ್ಲಿಷಿನಲ್ಲಿಯೂ ‘ಅನಸ್ತೇಷಿಯಾ’ ಶಸ್ತ್ರಚಿಕಿತ್ಸೆಯ ಮಾತಿಗೆ ಬಂದದ್ದು ಪೂರ್ತಿ ಪ್ರಜ್ಞೆ ತಪ್ಪಿಸುವ ಕ್ರಿಯೆಯ ಹೆಸರಾಗಿಯೇ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ದಂತವೈದ್ಯ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿಸಿ ತೋರಿಸಿದ ಮರುತಿಂಗಳು, ವೈದ್ಯರೂ ಲೇಖಕರೂ ಆದ ಆಲಿವರ್ ವೆಂಡೆಲ್ ಹೋಮ್ಸ್ ಆತನಿಗೆ ಪತ್ರ ಬರೆದು ಆ ಸ್ಥಿತಿಗೆ ‘ಅನಸ್ತೇಷಿಯಾ’ ಎಂಬ ಗ್ರೀಕ್ ಮೂಲದ ಹೆಸರನ್ನು ಸೂಚಿಸಿದರು. ಕಣ್ಣಿನ ಶಸ್ತ್ರಚಿಕಿತ್ಸೆಗೆ ಕೊಕೇನ್ ಹನಿಗಳನ್ನು ಬಳಸಿ, ರೋಗಿ ಎಚ್ಚರವಿರುವಾಗಲೇ ಒಂದು ಭಾಗವನ್ನಷ್ಟೇ ಜಡಗೊಳಿಸಬಹುದೆಂದು ಕಾರ್ಲ್ ಕೊಲ್ಲರ್ ತೋರಿಸಿದ್ದು 1884ರಲ್ಲಿ. ಬೆನ್ನಿನ ಮೂಲಕ ಕೊಡುವ ವಿಧಾನವನ್ನು ಜರ್ಮನಿಯ ಔಗುಸ್ಟ್ ಬೀರ್ ಬಳಸಿದ್ದು 1898ರಲ್ಲಿ. ಆ ಹೊತ್ತಿಗೆ ಹೆಸರು ನೆಲೆಯೂರಿತ್ತು; ಹೊಸ ಬಗೆಗಳಿಗೆ ಹಿಂದೊಂದು ವಿಶೇಷಣ ಅಂಟಿಸಿ ಕೆಲಸ ಸಾಗಿಸಿದರು. ಗ್ರೀಕ್ ಬೇರು ಬಲ್ಲವರಿಗೆ ಅದು ‘ಸಂವೇದನೆ ಇಲ್ಲದಿರುವುದು’ ಎಂದಷ್ಟೇ ಆದ್ದರಿಂದ ವಿಶೇಷಣ ಹೊಂದಿಕೊಂಡಿತು. ನಮ್ಮ ‘ಅರಿವು’ ಅಷ್ಟು ಸುಲಭವಾಗಿ ಹೊಂದಿಕೊಳ್ಳುವುದಿಲ್ಲ.

ಕನ್ನಡ ಓದುಗರಿಗೆ ‘ಅರಿವಳಿಕೆ’ ಹೆಚ್ಚಾಗಿ ಪರಿಚಯವಾಗಿರುವುದು ಎಲ್ಲಿ ಎಂಬುದನ್ನೂ ಗಮನಿಸಬೇಕು. ಊರಿಗೆ ನುಗ್ಗಿದ ಕಾಡಾನೆಗೆ, ಹುಲಿಗೆ, ಚಿರತೆಗೆ ಅರಣ್ಯ ಇಲಾಖೆಯವರು ‘ಅರಿವಳಿಕೆ ಚುಚ್ಚುಮದ್ದು’ ಹಾರಿಸಿ ಸೆರೆ ಹಿಡಿದ ಸುದ್ದಿಗಳಲ್ಲಿ. ಕೊಡಗು, ಹಾಸನ, ಚಾಮರಾಜನಗರದ ಕಡೆಯ ಸುದ್ದಿ ಓದುವವರಿಗೆ ಇದು ದಿನದ ಮಾತು. ಆ ಸುದ್ದಿಗಳಲ್ಲಿ ಅರಿವಳಿಕೆ ಎಂದರೆ ಪ್ರಾಣಿ ಕುಸಿದು ಬೀಳುವುದು. ಅದೇ ಪದವನ್ನು ‘ನಿಮಗೆ ಸ್ಥಳೀಯ ಅರಿವಳಿಕೆ ಕೊಡುತ್ತೇವೆ’ (ಎಂದರೆ, ಕೊಯ್ಯುವ ಜಾಗವನ್ನಷ್ಟೇ ಜಡಗೊಳಿಸುತ್ತೇವೆ) ಎಂಬಲ್ಲಿ ಕಂಡ ಹೆಂಗಸು ಏನೆಂದುಕೊಂಡಾಳು?

ಪತ್ರದ ಮೊದಲ ಕರಡನ್ನು ಪರಿಚಯದ ಒಬ್ಬರು ಹೆಂಗಸಿಗೆ ಓದಲು ಕೊಟ್ಟಿದ್ದೆ. ಏಳನೆಯ ತರಗತಿ ಓದಿದವರು, ಸ್ವಸಹಾಯ ಸಂಘದ ಲೆಕ್ಕಪತ್ರ ನೋಡಿಕೊಳ್ಳುವವರು. ಅವರು ‘ಸ್ಥಳೀಯ’ ಎಂಬಲ್ಲಿ ಬೆರಳಿಟ್ಟು, ‘ಅಂದ್ರೆ ಇಲ್ಲೇ ಕೊಡ್ತಾರೆ, ಮೈಸೂರಿಗೆ ಹೋಗ್ಬೇಕಾಗಿಲ್ಲ ಅಂತ ಅಲ್ವಾ ಮೇಡಂ?’ ಎಂದು ಕೇಳಿದರು. ಸ್ಥಳೀಯ ಸಂಸ್ಥೆ, ಸ್ಥಳೀಯರು, ಸ್ಥಳೀಯ ಸುದ್ದಿ ಎಂದು ಓದಿಕೊಂಡು ಬಂದವರಿಗೆ ಅದೇ ಸರಿಯಾದ ಅರ್ಥ. ಮೈಯ ಒಂದು ಇಡೀ ಭಾಗವನ್ನು ಜಡಗೊಳಿಸುವ ‘ಪ್ರಾದೇಶಿಕ ಅರಿವಳಿಕೆ’ಯದೂ ಇದೇ ಪಾಡು, ಪ್ರಾದೇಶಿಕ ಎಂದರೆ ನಮಗೆ ಪಕ್ಷ, ಸಾರಿಗೆ ಕಚೇರಿ, ಭಾಷೆ. ಮೈಯ ಒಂದು ಭಾಗ ನೆನಪಿಗೆ ಬರುವುದೇ ಇಲ್ಲ.

ಇವೆರಡಕ್ಕಿಂತ ಅಪಾಯಕಾರಿಯೆಂದು ನನಗೆ ತೋರುವುದು ‘ಸಾಮಾನ್ಯ ಅರಿವಳಿಕೆ’. ಇಂಗ್ಲಿಷಿನ ‘ಜನರಲ್’ ಎಂಬುದನ್ನು ಹಿಂದುಮುಂದು ನೋಡದೆ ‘ಸಾಮಾನ್ಯ’ವಾಗಿಸಿದ ಈ ಬಳಕೆ ಅಂತರ್ಜಾಲದ ಪುಟಗಳಲ್ಲಿ, ಯಂತ್ರಾನುವಾದದಲ್ಲಿ ಧಾರಾಳವಾಗಿ ಸಿಗುತ್ತದೆ. ಕನ್ನಡದಲ್ಲಿ ಸಾಮಾನ್ಯ ಎಂದರೆ ಮಾಮೂಲಿ, ಎಲ್ಲರಿಗೂ ಕೊಡುವಂಥದ್ದು, ವಿಶೇಷವೇನೂ ಇಲ್ಲದ್ದು. ಆದರೆ ವಾಸ್ತವದಲ್ಲಿ ಅದು ಪೂರ್ತಿ ಪ್ರಜ್ಞೆ ತಪ್ಪಿಸಿ, ಉಸಿರಾಟವನ್ನು ಅರಿವಳಿಕೆ ತಜ್ಞರೇ ನೋಡಿಕೊಳ್ಳಬೇಕಾದ ಬಗೆ; ಅದಕ್ಕೆ ಮುಂಚೆ ಆರು ಗಂಟೆ ಗಟ್ಟಿ ಆಹಾರವನ್ನೂ ಎರಡು ಗಂಟೆ ನೀರನ್ನೂ ಬಿಟ್ಟಿರಬೇಕು. ಮೂರು ಆಯ್ಕೆಗಳ ಎದುರು ಕುಳಿತ ಹೆಂಗಸು ‘ನನಗೆ ಸಾಮಾನ್ಯದ್ದೇ ಸಾಕು’ ಎಂದುಬಿಟ್ಟರೆ, ತಾನು ಏನನ್ನು ಆರಿಸಿಕೊಂಡೆನೆಂಬುದು ಅವಳಿಗೆ ತಿಳಿದಿರುವುದಿಲ್ಲ. ‘ಸಂಪೂರ್ಣ ಅರಿವಳಿಕೆ’ ಎಂಬ ಬಳಕೆಯೂ ರೂಢಿಯಲ್ಲಿದೆ, ಅದೇ ಲೇಸು. ‘ಸಾಮಾನ್ಯ ಅರಿವಳಿಕೆ’ಯನ್ನು ರೋಗಿಗಳಿಗೆಂದು ಬರೆಯುವ ಯಾವುದೇ ಬರಹದಲ್ಲಿ ಬಳಸಬಾರದು ಎಂಬುದು ನನ್ನ ಸ್ಪಷ್ಟ ನಿಲುವು.

‘ಬೆನ್ನುಹುರಿ ಅರಿವಳಿಕೆ’ಯ ತೊಡಕು ಬೇರೆ ಬಗೆಯದು. ಹೆಸರು ಕೇಳಿದರೆ ಸೂಜಿ ಬೆನ್ನುಹುರಿಗೇ ಇಳಿಯುತ್ತದೆ ಎಂದೆನಿಸುತ್ತದೆ. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಕಶೇರುವಿನ (ಬೆನ್ನೆಲುಬಿನ ಬಿಡಿ ಮೂಳೆಯ) ಮಟ್ಟದಲ್ಲಿಯೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ನರಗಳ ಸುತ್ತಲಿನ ದ್ರವದೊಳಗೆ. ಹೀಗೆ ಕೊಟ್ಟ ಮದ್ದು ಸೊಂಟದಿಂದ ಕೆಳಗಿನ ಭಾಗವನ್ನು ಕೆಲವು ಗಂಟೆಗಳ ಕಾಲ ಮರಗಟ್ಟಿಸುತ್ತದೆ, ಕಾಲುಗಳು ಅಲುಗಾಡುವುದಿಲ್ಲ, ಎಚ್ಚರ ಮಾತ್ರ ಪೂರ್ತಿ ಇರುತ್ತದೆ. ಮದ್ದು ಕೊಟ್ಟ ಮೇಲೆ ಕೆಲವು ನಿಮಿಷ ಕೂರಿಸಿಯೇ ಇಟ್ಟು, ಕೂತಾಗ ನೆಲಕ್ಕೆ ತಾಗುವಷ್ಟು ಭಾಗ ಮಾತ್ರ ಮರಗಟ್ಟುವಂತೆ ಮಾಡುವ ಕ್ರಮವೂ ಇದೆ. ಈ ಚಿಕಿತ್ಸೆಗೆ ಅದು ಒಪ್ಪುತ್ತದೆ. ಆಮೇಲೆ ಕೆಲವರಿಗೆ ತಲೆನೋವು ಬರಬಹುದು, ಕೆಲವು ಗಂಟೆ ಮೂತ್ರ ಕಟ್ಟಿಕೊಳ್ಳಬಹುದು. ಸಿಸೇರಿಯನ್ ಆದ ಹೆಂಗಸರಿಗೆಲ್ಲ ಇದು ‘ಬೆನ್ನಿಗೆ ಕೊಡುವ ಇಂಜೆಕ್ಷನ್’ ಎಂದೇ ಪರಿಚಿತ. ಅದರಿಂದ ಜೀವನಪೂರ್ತಿ ಸೊಂಟನೋವು ಬರುತ್ತದೆ ಎಂಬ ನಂಬಿಕೆ ಮನೆಮನೆಯಲ್ಲಿದೆ, ಅಧ್ಯಯನಗಳು ಅದನ್ನು ಎತ್ತಿಹಿಡಿದಿಲ್ಲ. ಹೀಗೆ ಮೊದಲೇ ಹೆದರಿಕೆಯಿರುವಲ್ಲಿ ‘ಬೆನ್ನುಹುರಿ’ ಎಂದು ಬರೆದು ಅದನ್ನು ಇನ್ನಷ್ಟು ಬೆಳೆಸುವುದು ಏಕೆ? ‘ಸೊಂಟದಿಂದ ಕೆಳಗೆ ಮರಗಟ್ಟಿಸುವ ಅರಿವಳಿಕೆ’ ಎಂದರೆ ಉದ್ದವಾಯಿತು, ನಿಜ. ಆದರೆ ಅದು ಆಗುವುದನ್ನು ಆದಂತೆಯೇ ಹೇಳುತ್ತದೆ.

ನನಗೆ ಅತಿ ಕಷ್ಟವಾಗುತ್ತಿರುವುದು ಆ ಜಾಗಕ್ಕಷ್ಟೇ ಚುಚ್ಚುವ ಬಗೆ. ಅಲ್ಲಿ ನೋವು ಅಡಗುತ್ತದೆ, ಸ್ಪರ್ಶ ಪೂರ್ತಿ ಅಡಗುವುದಿಲ್ಲ. ಚುಚ್ಚುವಾಗ ಉರಿಯುತ್ತದೆ, ಆಮೇಲೆ ಯಾರೋ ಒತ್ತಿದಂತೆ, ಜಗ್ಗಿದಂತೆ ತಿಳಿಯುತ್ತಿರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ, ಒತ್ತಿದ್ದು ಗೊತ್ತಾದ ಕೂಡಲೇ ‘ಮದ್ದು ಹಿಡಿದಿಲ್ಲ’ ಎಂದು ಆಕೆ ಗಾಬರಿಯಾಗುತ್ತಾಳೆ. ಅಥವಾ, ಇದು ಹೆಚ್ಚು ನೋವಿನ ಸಂಗತಿ, ನಿಜವಾಗಿಯೂ ನೋವಾಗುತ್ತಿರುವಾಗ ‘ಇಷ್ಟಿರುತ್ತದೇನೋ’ ಎಂದು ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಾಳೆ. ಕೀವು ತುಂಬಿ ಕೆಂಪಾದ ಜಾಗದಲ್ಲಿ ಅಂಗಾಂಶ ಆಮ್ಲೀಯವಾಗಿರುವುದರಿಂದ ಮದ್ದು ನರದೊಳಕ್ಕೆ ಸರಿಯಾಗಿ ಇಳಿಯದೆ ನೋವು ಉಳಿಯುವುದು ಇದ್ದದ್ದೇ. ಬಾವು ದೊಡ್ಡದಾಗಿದ್ದರೆ ವೈದ್ಯರು ಉಳಿದೆರಡು ಬಗೆಗಳತ್ತ ಒಲಿಯುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ‘ನೋವು’ ಮತ್ತು ‘ಒತ್ತಿದ್ದು ತಿಳಿಯುವುದು’ ಇವೆರಡನ್ನೂ ಬೇರ್ಪಡಿಸಿ ಹೇಳಲೇಬೇಕು. ‘ನೋವಳಿಕೆ’ ಎಂಬ ಹೊಸ ಪದವನ್ನು ಗೆಳೆಯರೊಬ್ಬರು ಸೂಚಿಸಿದರು. ಕಟ್ಟಣೆ ಚೆನ್ನಾಗಿದೆ, ಆದರೆ ಜನ ಅದನ್ನು ನೋವಿನ ಮಾತ್ರೆಯೊಂದಿಗೆ ಬೆರೆಸುತ್ತಾರೆಂಬ ಅಳುಕು ನನ್ನದು. ಸದ್ಯಕ್ಕೆ ಹೀಗೆ ಬರೆದಿದ್ದೇನೆ:

‘ಆ ಜಾಗಕ್ಕೆ ಮಾತ್ರ ಮದ್ದು ಚುಚ್ಚುತ್ತಾರೆ. ನಿಮಗೆ ಪೂರ್ತಿ ಎಚ್ಚರವಿರುತ್ತದೆ, ಮಾತಾಡಬಹುದು. ಹಲ್ಲು ಕೀಳಿಸುವಾಗ ತುಟಿ ದಪ್ಪಗಾಗಿ ಮರಗಟ್ಟುವಂತೆ ಆ ಜಾಗ ಮರಗಟ್ಟುತ್ತದೆ. ಮುಟ್ಟಿದ್ದು, ಒತ್ತಿದ್ದು, ಜಗ್ಗಿದ್ದು ಗೊತ್ತಾಗಬಹುದು; ಆದರೆ ಚುರುಕ್ಕೆನ್ನುವ ನೋವು ಆಗಬಾರದು. ಆದರೆ ಕೂಡಲೇ ಹೇಳಿ, ಕೆಲಸ ನಿಲ್ಲಿಸುತ್ತಾರೆ.’

ಇಲ್ಲಿ ‘ಮರಗಟ್ಟು’ ಎಂಬುದನ್ನು ಬಳಸಿದ್ದೇನೆ, ಏಕೆಂದರೆ ‘ಜೋಮು ಹಿಡಿಯುವುದು’ ಎಂದರೆ ಜುಮುಜುಮು ಎನ್ನುವ ಅನುಭವವೂ ಸೇರಿಕೊಳ್ಳುತ್ತದೆ. ಕೊನೆಯ ಎರಡು ವಾಕ್ಯಗಳಲ್ಲಿ ‘ಆದರೆ’ ಮೊದಲು ‘ಪರಂತು’ ಎಂಬ ಅರ್ಥದಲ್ಲೂ ಆಮೇಲೆ ‘ಆದ ಪಕ್ಷದಲ್ಲಿ’ ಎಂಬ ಅರ್ಥದಲ್ಲೂ ಬಂದು ಓದನ್ನು ಎಡವಿಸುತ್ತದೆ. ಅದಕ್ಕೆ ‘ಹಾಗೆ ನೋವಾದರೆ ಕೂಡಲೇ ಹೇಳಿ’ ಎಂದು ತಿದ್ದುವವಳಿದ್ದೇನೆ.

ಮಂಪರಿನ ವಿಷಯವನ್ನೂ ಕೇಳಬೇಕಿದೆ. ರಕ್ತನಾಳಕ್ಕೆ ಮದ್ದು ಕೊಟ್ಟು ಅರೆನಿದ್ದೆಯ ಸ್ಥಿತಿಗೆ ತರುವ ಕ್ರಮಕ್ಕೆ ಆಸ್ಪತ್ರೆಗಳಲ್ಲಿ ‘ಮತ್ತಿನ ಇಂಜೆಕ್ಷನ್’ ಎನ್ನುತ್ತಾರೆ. ಪೂರ್ತಿ ಪ್ರಜ್ಞೆ ತಪ್ಪಿಸುವುದಕ್ಕೂ ಅದೇ ಮಾತು. ‘ಮತ್ತು ಬರುವ ಔಷಧ’ ಎಂದೊಡನೆ ಅಪರಾಧ ಸುದ್ದಿಗಳ ನೆರಳು ಬೀಳುತ್ತದೆ, ಅದರಲ್ಲಿಯೂ ಗುಪ್ತಾಂಗದ ಚಿಕಿತ್ಸೆಯ ಮಾತು ಬಂದಾಗ ಆ ನೆರಳು ಕೇಡಿನದು. ನನ್ನ ಒಲವು ‘ಮಂಪರು’ ಎಂಬುದರ ಕಡೆಗಿದೆ. ಕರೆದರೆ ಓಗೊಡುವಷ್ಟು ನಿದ್ದೆ ಎಂಬ ಭಾವ ಅದರಲ್ಲಿ ಸಹಜವಾಗಿಯೇ ಇದೆ.

ಕ್ರಿಯಾಪದಗಳ ವಿಚಾರವೂ ಚಿಕ್ಕದಲ್ಲ. ‘ನಿಮಗೆ ಅರಿವಳಿಕೆ ನೀಡಲಾಗುವುದು’ ಎಂಬ ಕಚೇರಿ ಕನ್ನಡದಲ್ಲಿ ಆಯ್ಕೆಗೆ ಎಡೆಯೇ ಇಲ್ಲ. ರೋಗಪತ್ತೆಗೆಂದು ಸಂಪೂರ್ಣ ಅರಿವಳಿಕೆ ಪಡೆದು ಮಲಗಿದ್ದ ಮಹಿಳೆಯೊಬ್ಬರ ಗರ್ಭಕೋಶ, ಅಂಡಾಶಯಗಳನ್ನು, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದುಹಾಕಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿತು. ಜೀವಕ್ಕೆ ತುರ್ತು ಅಪಾಯವಿಲ್ಲದಿರುವಾಗ ವಯಸ್ಕ ಮಹಿಳೆಯ ಪರವಾಗಿ ಬೇರೆಯವರ ಒಪ್ಪಿಗೆ ಸಲ್ಲದು, ಒಪ್ಪಿಗೆಗೆ ಮುಂಚೆ ಆಕೆಗೆ ಸಾಕಷ್ಟು ಮಾಹಿತಿ ಕೊಟ್ಟಿರಬೇಕು ಎಂದು ಅದು ಹೇಳಿತು. ಅರ್ಥವಾಗದ ಪದದಲ್ಲಿ ಕೊಟ್ಟ ಮಾಹಿತಿಯನ್ನು ಮಾಹಿತಿ ಎನ್ನಲಾಗದು. ಹಾಗಾಗಿ ‘ನೀವು ಕೇಳಬಹುದು’, ‘ನೀವು ಬೇಡವೆನ್ನಬಹುದು’, ‘ಜೊತೆಗೆ ಮಹಿಳಾ ಸಿಬ್ಬಂದಿ ಇರಬೇಕೆಂದು ಹೇಳಬಹುದು’ ಎಂದು ಕರ್ತೃವನ್ನು ಮುಂದಿಟ್ಟೇ ಬರೆಯುತ್ತಿದ್ದೇನೆ.

ಇನ್ನು ನಿಮ್ಮಲ್ಲಿ ನನ್ನ ಕೇಳಿಕೆಗಳು. ತಲೆಬರಹದಲ್ಲಿ ‘ಅರಿವಳಿಕೆ’ಯನ್ನು ಉಳಿಸಿಕೊಂಡು, ಬಗೆಗಳನ್ನು ‘ಎಚ್ಚರವಿದ್ದು, ಆ ಜಾಗ ಮಾತ್ರ ಮರಗಟ್ಟಿಸುವುದು’, ‘ಎಚ್ಚರವಿದ್ದು, ಸೊಂಟದಿಂದ ಕೆಳಗೆ ಮರಗಟ್ಟಿಸುವುದು’, ‘ಎಚ್ಚರ ತಪ್ಪಿಸಿ ಪೂರ್ತಿ ನಿದ್ದೆಗೆ ಕಳಿಸುವುದು’ ಎಂದು ಬಿಡಿಸಿ ಬರೆದರೆ ಆದೀತೇ, ಅಥವಾ ಆಡಿಕೊಳ್ಳಲು ಸುಲಭವಾದ ಒಂದೊಂದೇ ಪದ ಬೇಕೇ? ‘ಎಚ್ಚರ’ ಎಲ್ಲ ಕಡೆಯೂ ಇದೇ ಅರ್ಥದಲ್ಲಿ ತಿಳಿಯುತ್ತದೆಯೇ? ಧಾರವಾಡ, ಕಲಬುರಗಿಯ ಕಡೆ ‘ಖಬರ ತಪ್ಪುವುದು’, ಕರಾವಳಿಯಲ್ಲಿ ‘ಬೋಧ ತಪ್ಪುವುದು’ ಎನ್ನುವುದನ್ನು ಕೇಳಿದ್ದೇನೆ. ಆ ಜಿಲ್ಲೆಗಳಿಗೆ ಹೋಗುವ ಪ್ರತಿಗಳಲ್ಲಿ ಈ ಪದಗಳನ್ನೇ ಹಾಕಿದರೆ ಬರಹ ಹಗುರವಾಯಿತೆಂದು ಓದುಗರು ಭಾವಿಸುತ್ತಾರೆಯೇ? ‘ಮರಗಟ್ಟು’ ಎಂಬುದಕ್ಕೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ತಮ್ಮತಮ್ಮಲ್ಲಿ ಮಾತಾಡುವಾಗ ಯಾವ ಪದ ಬಳಸುತ್ತಾರೆ ಎಂಬುದನ್ನು ಆ ಕಡೆಯ ಸದಸ್ಯರು, ಅದರಲ್ಲಿಯೂ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು, ತಿಳಿಸಿದರೆ ದೊಡ್ಡ ಉಪಕಾರವಾಗುತ್ತದೆ. ಕರಡು ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕಿದೆ.