ರಸ್ತೆಬದಿಯ ಹುಣಸೆಮರ ಕಡಿಯಲು ಪಂಚಾಯಿತಿ ನಿರ್ಣಯವೊಂದೇ ಸಾಕೇ?

ಕೆರೆಏರಿ:
ನಮ್ಮೂರಿನಿಂದ ಹೆದ್ದಾರಿಗೆ ಸೇರುವ ರಸ್ತೆಯ ಎರಡೂ ಬದಿಯಲ್ಲಿ ತಾತಂದಿರ ಕಾಲದ 18 ಹುಣಸೆಮರಗಳಿದ್ದು, ಅವುಗಳ ಫಸಲನ್ನು ಗ್ರಾಮ ಪಂಚಾಯಿತಿ ವರ್ಷವರ್ಷವೂ ಹರಾಜು ಹಾಕುತ್ತದೆ. ರಸ್ತೆ ಅಗಲಗೊಳಿಸಲು ಇವನ್ನು ತೆಗೆಯಬೇಕೆಂದು ಈಚೆಗೆ ನಿರ್ಣಯವಾಗಿದೆ; ಗುತ್ತಿಗೆದಾರರ ಕಡೆಯವರು ಕಾಂಡಗಳ ಮೇಲೆ ಕೆಂಪು ಬಣ್ಣದಲ್ಲಿ ಸಂಖ್ಯೆಯನ್ನೂ ಬರೆದು ಹೋಗಿದ್ದಾರೆ. ಮರದ ಕಾನೂನು ನಗರಗಳಿಗೆ ಮಾತ್ರ, ಹಳ್ಳಿಗಲ್ಲ ಎಂದು ಸದಸ್ಯರೊಬ್ಬರು ವಾದಿಸುತ್ತಿದ್ದಾರೆ. ಇದು ಸರಿಯೇ?

ಹಳೆಯ ಕಡತ:
ಸರಿಯಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ 8ನೇ ಪ್ರಕರಣದ ಪ್ರಕಾರ, ಜಮೀನು ಯಾರದ್ದೇ ಆಗಿರಲಿ, ವೃಕ್ಷಾಧಿಕಾರಿಯ (ಈ ಕಾನೂನಿನಡಿ ನೇಮಕವಾದ ಅರಣ್ಯ ಇಲಾಖೆಯ ಅಧಿಕಾರಿಯ) ಪೂರ್ವಾನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಗ್ರಾಮೀಣ ಪ್ರದೇಶದಲ್ಲಿ ಸೌದೆ, ಮೇವು, ಬೇಸಾಯದ ಸಲಕರಣೆಗಳಂಥ ಸ್ವಂತ ಬಳಕೆಗೆ ಬೇಕಾದ ಮರಕ್ಕೆ ಅನುಮತಿ ನಿರಾಕರಿಸಬಾರದೆಂದು ಅದೇ ಪ್ರಕರಣ ಬಿಡಿಸಿ ಹೇಳಿರುವಾಗ, ಹಳ್ಳಿಗೆ ಕಾನೂನು ತಾಗದು ಎನ್ನುವುದು ಹೇಗೆ? ಪಂಚಾಯಿತಿಯ ನಿರ್ಣಯವು ಕೋರಿಕೆಯಾಗಬಹುದೇ ಹೊರತು ಅನುಮತಿಯಾಗದು. ಫಸಲಿನ ಹರಾಜಿನಿಂದಲೂ ಮರದ ಒಡೆತನ ಸಿದ್ಧವಾಗುವುದಿಲ್ಲ. ಆದುದರಿಂದ ಮೊದಲು ಗ್ರಾಮ ನಕಾಶೆ ಮತ್ತು ಪಹಣಿ ತೆಗೆಸಿ, ಮರಗಳು ರಸ್ತೆಯ ಎಲ್ಲೆಯೊಳಗಿವೆಯೇ, ಪಕ್ಕದ ಹಿಡುವಳಿಯಲ್ಲಿವೆಯೇ ಎಂದು ಅಳತೆ ಮಾಡಿಸಿರಿ. ಬಳಿಕ ಅರಣ್ಯ ಇಲಾಖೆಯ ಅನುಮತಿ ಪತ್ರದ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿರಿ.

ಒಂದು ಎಚ್ಚರಿಕೆ: ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಆಹ್ವಾನಿಸಬೇಕು. ನಿಮ್ಮವು ಹದಿನೆಂಟೇ ಆದ್ದರಿಂದ ಯಾರಾದರೂ ತಿಳಿಸಿಯಾರೆಂದು ಕಾಯದೆ, ಈಗಲೇ ಲಿಖಿತ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ.

ಬಯಲುಸೀಮೆ ರೈತ:
ಕಾನೂನಿನ ಇನ್ನೊಂದು ಮುಖವನ್ನೂ ಹೇಳಬೇಕು. ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್‌ಗಳಿಗೆ ಈ ಅನುಮತಿಯಿಂದ ವಿನಾಯಿತಿ ಇದೆ. ಬದುವಿನ ಮೇಲೆ ನಾನೇ ನೆಟ್ಟ ಮರಕ್ಕಾದರೋ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದೇನೆ. ಹೀಗಾದರೆ ರೈತ ನೀಲಗಿರಿಯನ್ನಲ್ಲದೆ ಬೇರೇನು ನೆಟ್ಟಾನು? ನಿಮ್ಮ ಹುಣಸೆಮರಗಳ ವಿಷಯ ಬೇರೆ, ಅವು ಊರಿನವು.

ಮಾಗಡಿ ದಾರಿ:
ರಸ್ತೆಯ ನಕ್ಷೆ ಬದಲಾಗದು ಎಂದು ಯಾರಾದರೂ ಹೇಳಿದರೆ 2019ರ ಸಂಗತಿಯನ್ನು ನೆನಪಿಸಿರಿ. ಬಾಗೇಪಲ್ಲಿ–ಹಲಗೂರು ರಸ್ತೆಯ ವಿಸ್ತರಣೆಯಿಂದ ಹುಲಿಕಲ್ ಮತ್ತು ಕುದೂರಿನ ನಡುವಿನ ಆಲದ ಮರಗಳಿಗೆ ಕುತ್ತು ಬಂದಾಗ, ಅವನ್ನು ನೆಟ್ಟು ಬೆಳೆಸಿದ ಸಾಲುಮರದ ತಿಮ್ಮಕ್ಕನವರೇ ಸರ್ಕಾರಕ್ಕೆ ಮನವಿ ಮಾಡಿದ್ದರು. ಪರ್ಯಾಯ ಹುಡುಕುವುದಾಗಿ ಸರ್ಕಾರ ಭರವಸೆ ನೀಡಿತ್ತು. ದೇವನಹಳ್ಳಿ ಬಳಿಯ ನಲ್ಲೂರಿನ ಹಳೆಯ ಹುಣಸೆ ತೋಪಿಗಂತೂ 2002ರ ಜೀವವೈವಿಧ್ಯ ಕಾಯ್ದೆಯಡಿ 2007ರಲ್ಲಿ ಪಾರಂಪರಿಕ ತಾಣದ ಮಾನ್ಯತೆ ದೊರೆಯಿತು. ನಿಮ್ಮ ಸಾಲಿಗೆ ಅಷ್ಟು ದೊಡ್ಡ ಮಾನ್ಯತೆ ಸಿಗಲಿಕ್ಕಿಲ್ಲ; ಆದರೆ ಊರಿನ ಸಸ್ಯ, ಪ್ರಾಣಿಗಳ ವಿವರ ದಾಖಲಿಸುವ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿಯಲ್ಲಿ ಈ ಮರಗಳನ್ನು ಸೇರಿಸಲು ಅಡ್ಡಿಯೇನಿಲ್ಲ.

ಕೆರೆಏರಿ:
ಎಲ್ಲರಿಗೂ ಧನ್ಯವಾದ. ಗ್ರಾಮ ನಕಾಶೆಗೆ ಇಂದೇ ಅರ್ಜಿ ಕೊಟ್ಟಿದ್ದೇನೆ. ಅನುಮತಿ ಕೊಟ್ಟೇಬಿಟ್ಟಿದ್ದರೆ ಮುಂದೇನು?

ಹಳೆಯ ಕಡತ:
ವೃಕ್ಷಾಧಿಕಾರಿಯ ಆದೇಶದ ವಿರುದ್ಧ ಅದೇ ಅಧಿನಿಯಮದಡಿ ರಚಿತವಾದ ವೃಕ್ಷ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಆದೇಶದ ಪ್ರತಿ ಕೈಸೇರಿದ ದಿನಾಂಕವನ್ನು ಬರೆದಿಟ್ಟುಕೊಳ್ಳಿರಿ, ಒಂದು ದಿನವನ್ನೂ ಕಳೆಯಬೇಡಿರಿ. ಬದಲಿ ಸಸಿಗಳನ್ನು ಎಲ್ಲಿ, ಎಷ್ಟು ನೆಡಬೇಕೆಂಬ ಷರತ್ತು ಅದರಲ್ಲಿದೆಯೇ ಎಂಬುದನ್ನೂ ನೋಡಿರಿ.