‘ಬಿಪಿ: ಇಲ್ಲ’ – ವೈಟಲ್ ಸೈನ್ಸ್‌ಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ.

ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗಾಗಿ ಒಂದು ಚಿಕ್ಕ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ವೈಟಲ್ ಸೈನ್ಸ್ (vital signs; ವಿಜ್ಞಾನದ ‘ಸೈನ್ಸ್’ ಅಲ್ಲ) ಅನ್ನೋದಕ್ಕೆ ಏನು ಬರೆಯಲಿ? ಮೈಯ ಬಿಸಿ, ನಾಡಿ, ಉಸಿರಾಟ, ರಕ್ತದೊತ್ತಡ ಇವು ಹಳೆಯ ನಾಲ್ಕು. ಈಗ ಬೆರಳಿಗೆ ಕ್ಲಿಪ್ ಸಿಕ್ಕಿಸಿ ನೋಡುವ ಆಕ್ಸಿಜನ್ ಮಟ್ಟವೂ ಸೇರಿಕೊಂಡಿದೆ. ಎಲ್ಲಕ್ಕೂ ಸೇರಿ ಒಂದು ಹೆಸರು ಬೇಕು.

‘ಜೀವಚಿಹ್ನೆ’ ನನಗೆ ಒಗ್ಗಲಿಲ್ಲ. ಅದನ್ನು ಕೇಳಿದರೆ ಜೀವ ಇದೆಯೋ ಹೋಯಿತೋ ಅಂತ ನೋಡುವ ಗುರುತು ಅನ್ನಿಸುತ್ತದೆ. ‘ಬೆಳಗ್ಗೆ ಸಂಜೆ ಅಜ್ಜಿಯ ಜೀವಚಿಹ್ನೆ ನೋಡಿ’ ಅಂತ ಬರೆದರೆ ಮನೆಯವರು ಗಾಬರಿಯಾಗೋದಿಲ್ವಾ? ‘ಪ್ರಮುಖ ಲಕ್ಷಣಗಳು’ ಅಂದರೆ ಬೇರೆ ತೊಡಕು. ತಲೆನೋವು, ಸಂಕಟ ಇವು ರೋಗಿ ಬಾಯಿಬಿಟ್ಟು ಹೇಳಿದರೆ ಮಾತ್ರ ಗೊತ್ತಾಗುವಂಥವು. ನಾಡಿ ಹಾಗಲ್ಲ, ಎಚ್ಚರ ತಪ್ಪಿ ಮಲಗಿದವರದ್ದನ್ನೂ ಇನ್ನೊಬ್ಬರು ಎಣಿಸಬಹುದು. ವೈದ್ಯರು ಇವೆರಡನ್ನೂ ಬೇರೆಬೇರೆಯಾಗಿ ಇಡುತ್ತಾರೆ. ನಮ್ಮ ‘ಲಕ್ಷಣ’ ಎರಡನ್ನೂ ನುಂಗಿ ಕೂತಿದೆ.

ಹೆಸರಿನೊಳಗೆ ‘ಅಳತೆ’ ಇರಲಿ ಅನ್ನೋದು ನನ್ನಾಸೆ. ಜೀವಕ್ಕೆ ಅಳತೆ ಸೇರಿಸಿದರೆ ‘ಜೀವಾಳ’ದ ಕಡೆ ಜಾರುತ್ತದೆ. ಮೈಯಳತೆ ಅಂದರೆ ದರ್ಜಿ ಟೇಪು ಹಿಡಿದು ಬಂದ ಹಾಗಾಗುತ್ತದೆ. ಸದ್ಯಕ್ಕೆ ‘ದೇಹಸ್ಥಿತಿಯ ಅಳತೆಗಳು’ ಅಂತ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.

ಆದರೆ ನಿಜವಾದ ಪೇಚು ತಲೆಬರಹದಲ್ಲಿ ಇರಲೇ ಇಲ್ಲ, ಒಳಗಿನ ಸಣ್ಣ ಪದಗಳಲ್ಲಿತ್ತು. ಒಂದು ಪಟ್ಟಿ ಮಾಡಿ, ನಾಲ್ಕು ಕಾಲಮ್ಮಿಗೆ ಸುಮ್ನೆ ಜ್ವರ, ನಾಡಿ, ಉಸಿರು, ಬಿಪಿ ಅಂತ ಹೆಸರು ಕೊಟ್ಟು, ಪರಿಚಯದವರೊಬ್ಬರಿಗೆ ತುಂಬಿಸಲು ಕೊಟ್ಟೆ. ಮೂರು ದಿನದ ನಂತರ ಬಂದದ್ದು ಹೀಗಿತ್ತು. ಜ್ವರ: ಇಲ್ಲ. ನಾಡಿ: ಚೆನ್ನಾಗಿದೆ. ಉಸಿರು: 36. ಬಿಪಿ: ಇಲ್ಲ.

ಅವರದೇನೂ ತಪ್ಪಿಲ್ಲ. ನಾವು ಮಾತಾಡೋದೇ ಹಾಗೆ. ‘ಅವರಿಗೆ ಬಿಪಿ ಇದೆ’ ಅಂದರೆ ಒತ್ತಡ ಜಾಸ್ತಿ ಇದೆ ಅಂತ ಅರ್ಥ. ಅಳತೆಯ ಹೆಸರೇ ಕಾಯಿಲೆಯ ಹೆಸರಾಗಿಬಿಟ್ಟಿದೆ, ಶುಗರ್ ಆದ ಹಾಗೆ. ಅಕ್ಷರಶಃ ತಗೊಂಡರೆ ಬಿಪಿ ಇಲ್ಲದವರು ಬದುಕಿರೋದಿಲ್ಲ! ಅದಕ್ಕೇ ಕಾಲಮ್ಮಿನಲ್ಲಿ ‘ರಕ್ತದೊತ್ತಡ ಎಷ್ಟು?’ ಅಂತ ಬದಲಿಸಿದೆ. ‘ಎಷ್ಟು’ ಸೇರಿದ ಮೇಲೆ ‘ಇಲ್ಲ’ ಬರೆಯೋದು ಕಷ್ಟ.

ಜ್ವರದ್ದೂ ಇದೇ ಕತೆ. ಥರ್ಮಾಮೀಟರಿನಲ್ಲಿ 98.4 ಬಂದರೂ ಅದನ್ನು ಬರೆಯಬೇಕಲ್ಲ. ‘ತಾಪಮಾನ’ ಹವಾಮಾನ ವರದಿಯ ಕಡೆ ಎಳೆಯುತ್ತದೆ. ‘ಉಷ್ಣ’ ಅಂದರೆ ಇನ್ನೂ ಅಪಾಯ. ಬಾಯಿಹುಣ್ಣಾದವರೂ ‘ಉಷ್ಣ ಜಾಸ್ತಿಯಾಗಿದೆ’ ಅನ್ನುತ್ತಾರೆ, ಥರ್ಮಾಮೀಟರು ಮಾತ್ರ ಅಲ್ಲಾಡಿರೋದಿಲ್ಲ. ‘ಮೈಕಾವು’ ನನಗೆ ಹಿಡಿಸಿದೆ. ನಿಮಗೆ?

ನಾಡಿಯಲ್ಲಿ ಎಡವಟ್ಟಾದದ್ದು ಕ್ರಿಯಾಪದದಿಂದ. ನಾನು ‘ನಾಡಿ ನೋಡಿ’ ಅಂದಿದ್ದೆ. ನಾಡಿ ನೋಡೋದು ಅಂದರೆ ವೈದ್ಯರು ಕೈಹಿಡಿದು ದೋಷ ಹೇಳುವ ಕೆಲಸ. ‘ನಾಡಿ ಎಣಿಸಿ’ ಅಂದಿದ್ದರೆ ಅಂಕಿ ಬರುತ್ತಿತ್ತು. ಇನ್ನೊಂದು ಸಂದೇಹ ಇದೆ. ನಾಡಿಮಿಡಿತ, ಎದೆಬಡಿತ ಎರಡನ್ನೂ ಒಂದೇ ಅಂತ ಬಳಸುತ್ತೇವೆ. ಹೃದಯದ ತಾಳ ತಪ್ಪುವ ಕೆಲವು ಕಾಯಿಲೆಗಳಲ್ಲಿ ಕೆಲವು ಬಡಿತ ಎಷ್ಟು ದುರ್ಬಲವೆಂದರೆ ಮಣಿಕಟ್ಟಿನ ತನಕ ಮುಟ್ಟೋದೇ ಇಲ್ಲ. ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟರೆ 110, ಮಣಿಕಟ್ಟಿನಲ್ಲಿ 90 ಸಿಗಬಹುದು. ಹಾಗಾಗಿ ಬಡಿತ ಎದೆಗೆ, ಮಿಡಿತ ಮಣಿಕಟ್ಟಿಗೆ ಅಂತ ಹಂಚಿಬಿಡೋಣ ಅನ್ನೋದು ನನ್ನ ವಾದ.

ಆ 36 ನೋಡಿ ನನಗೆ ನಿಜಕ್ಕೂ ಭಯವಾಗಿತ್ತು. ಸುಮ್ಮನೆ ಕೂತಿರುವ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. 36 ಅಂದರೆ ಆಸ್ಪತ್ರೆಗೆ ಓಡಬೇಕಾದ ಅಂಕಿ. ಹೋಗಿ ಪಕ್ಕದಲ್ಲಿ ಕೂತು ನೋಡಿದೆ. ಅವರು ಎದೆ ಏರಿದಾಗ ಒಂದು, ಇಳಿದಾಗ ಎರಡು ಅಂತ ಎಣಿಸುತ್ತಿದ್ದರು! ಸರಿಯಾದ ಲೆಕ್ಕ 18. ಕನ್ನಡದಲ್ಲಿ ‘ಒಂದು ಉಸಿರು’ ಅಂದರೆ ಎಳೆದುಕೊಂಡದ್ದೋ, ಬಿಟ್ಟದ್ದೋ, ಎರಡೂ ಸೇರಿಯೋ? ಈಗ ‘ಎದೆ ಒಮ್ಮೆ ಏರಿ ಇಳಿದರೆ ಒಂದು’ ಅಂತ ಬರೆದಿದ್ದೇನೆ. ಉದ್ದವಾಯಿತು, ಆದರೆ ತಪ್ಪುವ ಹಾಗಿಲ್ಲ.

ಅಂದಹಾಗೆ, ಎಣಿಸುತ್ತಿದ್ದೇವೆ ಅಂತ ಗೊತ್ತಾದರೆ ರೋಗಿಯ ಉಸಿರಾಟ ತಾನಾಗಿ ಬದಲಾಗುತ್ತದೆ. ಅದಕ್ಕೇ ಅನುಭವಿ ನರ್ಸ್‌ಗಳು ನಾಡಿ ಎಣಿಸಿ ಮುಗಿದರೂ ಕೈ ಬಿಡೋದಿಲ್ಲ. ಮಣಿಕಟ್ಟು ಹಿಡಿದುಕೊಂಡೇ ಕಣ್ಣನ್ನು ಎದೆಯ ಕಡೆ ಹೊರಳಿಸಿ ಇನ್ನೊಂದು ನಿಮಿಷ ಎಣಿಸುತ್ತಾರೆ. ಕೈಪಿಡಿಯಲ್ಲಿ ಇದಕ್ಕೆ ‘ನಾಡಿ ಹಿಡಿದ ಕೈ ಬಿಡದೆ ಉಸಿರು ಎಣಿಸಿ’ ಅಂದಿದ್ದೇನೆ.

ಕೊನೆಯದು, ಇದಕ್ಕೆ ನಿಮ್ಮ ಸಹಾಯ ಬೇಕೇಬೇಕು. 120/80ರಲ್ಲಿ ಮೊದಲನೆಯದು ಹೃದಯ ಹಿಂಡಿದಾಗಿನ ಒತ್ತಡ, ಎರಡನೆಯದು ಸಡಿಲವಾದಾಗಿನದ್ದು. ಪಠ್ಯಗಳ ‘ಸಂಕೋಚನ’, ‘ವ್ಯಾಕೋಚನ’ ಮನೆಯವರ ನಾಲಿಗೆಗೆ ಬರೋದಿಲ್ಲ. ಎಲ್ಲರೂ ಹೇಳೋದು ‘ಮೇಲಿನದು, ಕೆಳಗಿನದು’ ಅಂತಲೇ. ಆದರೆ ‘ಕೆಳಗಿನ ಬಿಪಿ 96’ ಅಂದಾಗ ಒಬ್ಬರು ಲೋ ಬಿಪಿ ಅಂತ ತಿಳಿದು ಉಪ್ಪುನೀರು ಕುಡಿಸಲು ಹೊರಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. 96 ಅಲ್ಲಿ ಜಾಸ್ತಿ, ಕಮ್ಮಿ ಅಲ್ಲ. ‘ಹಿಂಡೊತ್ತಡ’, ‘ಸಡಿಲೊತ್ತಡ’ ಅಂದರೆ ನಗುತ್ತೀರಾ? ನಕ್ಕರೂ ಪರವಾಗಿಲ್ಲ, ಇದಕ್ಕಿಂತ ಒಳ್ಳೆಯದು ನಿಮ್ಮ ಬಳಕೆಯಲ್ಲಿದ್ದರೆ ಕೊಡಿ.