ರೆಪೋ ದರ ಇಳಿದರೂ ನಮ್ಮ ಗೃಹಸಾಲದ ಬಡ್ಡಿ ಇಳಿದಿಲ್ಲ: ಸಾಲ ವರ್ಗಾಯಿಸಬೇಕೇ, ಅಸಲಿಗೆ ಕಟ್ಟಬೇಕೇ?

ಪ್ರಶ್ನೆ: ಆರ್.ಆರ್. ನಗರ ನಿವಾಸಿ

ಎಲ್ಲರಿಗೂ ನಮಸ್ಕಾರ. ರಾಜರಾಜೇಶ್ವರಿ ನಗರದಲ್ಲಿ ಒಂದು ಫ್ಲ್ಯಾಟ್ ಕೊಳ್ಳಲು ನಾನು ಮತ್ತು ನನ್ನ ಪತ್ನಿ 2018ರ ಆರಂಭದಲ್ಲಿ ಒಂದು ಗೃಹ ಹಣಕಾಸು ಸಂಸ್ಥೆಯಿಂದ 48 ಲಕ್ಷ ರೂಪಾಯಿ ಸಾಲವನ್ನು 20 ವರ್ಷಗಳ ಅವಧಿಗೆ, ಚರ ಬಡ್ಡಿದರದಲ್ಲಿ ಪಡೆದಿದ್ದೆವು. ತಿಂಗಳ ಕಂತು ಸುಮಾರು 41,800 ರೂಪಾಯಿ. ಅದು ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ ಮತ್ತು ಒಂದು ಕಂತೂ ತಪ್ಪಿಲ್ಲ. ಈಚೆಗೆ ತರಿಸಿಕೊಂಡ ಸ್ಟೇಟ್‌ಮೆಂಟಿನ ಪ್ರಕಾರ ಬಾಕಿ ಅಸಲು 40 ಲಕ್ಷ, ಬಡ್ಡಿದರ ಶೇ. 9.5, ಉಳಿದಿರುವ ಕಂತುಗಳು 180.

ರಿಸರ್ವ್ ಬ್ಯಾಂಕು 2025ರಲ್ಲಿ ರೆಪೋ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿದರವನ್ನು, ಹಲವು ಬಾರಿ ಇಳಿಸಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇನೆ. ನಮ್ಮದೇ ಅಪಾರ್ಟ್‌ಮೆಂಟಿನಲ್ಲಿ ಸರ್ಕಾರಿ ಬ್ಯಾಂಕಿನಿಂದ ಸಾಲ ಪಡೆದವರಿಗೆ ದರ ಶೇ. 8ರ ಆಸುಪಾಸಿಗೆ ಬಂದಿದೆ, ನಮಗೆ ಮಾತ್ರ ಏನೂ ಆಗಿಲ್ಲ. ಈಗ ಒಂದು ಬ್ಯಾಂಕು ಶೇ. 8ರ ದರದಲ್ಲಿ ಸಾಲವನ್ನು ವರ್ಗಾಯಿಸಿಕೊಳ್ಳಲು ಸಿದ್ಧವಿದೆ. ಇದಲ್ಲದೆ ನಿಶ್ಚಿತ ಠೇವಣಿಯಲ್ಲಿ 5 ಲಕ್ಷ ರೂಪಾಯಿ ಇದೆ. ಸಾಲವನ್ನು ವರ್ಗಾಯಿಸುವುದು ಲೇಸೇ, ಇದ್ದಲ್ಲೇ ಇಟ್ಟು 5 ಲಕ್ಷವನ್ನು ಅಸಲಿಗೆ ಕಟ್ಟುವುದು ಲೇಸೇ, ಅಥವಾ ತೆರಿಗೆ ವಿನಾಯಿತಿಗಾಗಿ ಸಾಲವನ್ನು ಹೀಗೇ ಮುಂದುವರಿಸಬೇಕೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಜಯನಗರ

ನೀವು ಕೇಳದೆ ಬಿಟ್ಟಿರುವ ಒಂದು ಸಂಗತಿಯಿಂದ ಆರಂಭಿಸುತ್ತೇನೆ. 2018ರಲ್ಲಿ 240 ಕಂತುಗಳಿಗೆ ಪಡೆದ ಸಾಲದಲ್ಲಿ ಎಂಟು ವರ್ಷ ತಪ್ಪದೆ ಕಟ್ಟಿದ ಮೇಲೆ 144 ಕಂತುಗಳು ಉಳಿಯಬೇಕಿತ್ತು, ಆದರೆ ನಿಮ್ಮ ಸ್ಟೇಟ್‌ಮೆಂಟಿನಲ್ಲಿ 180 ಇವೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯವರೆಗೆ ರೆಪೋ ದರ ಶೇ. 4ರಿಂದ ಶೇ. 6.5ಕ್ಕೆ ಏರಿದಾಗ ಬಹುತೇಕ ಸಂಸ್ಥೆಗಳು ಕಂತನ್ನು ಮುಟ್ಟದೆ ಅವಧಿಯನ್ನು ಹನುಮಂತನ ಬಾಲದಂತೆ ಬೆಳೆಸಿದವು. ಕಂತು ಹಾಗೆಯೇ ಇದ್ದುದರಿಂದ ಸಾಲಗಾರರ ಗಮನಕ್ಕೆ ಅದು ಬರಲೇ ಇಲ್ಲ. ಈಗ ನೀವು ಕಟ್ಟುತ್ತಿರುವ 41,800ರಲ್ಲಿ 31,667 ರೂಪಾಯಿ ಬಡ್ಡಿಗೇ ಹೋಗುತ್ತಿದೆ, ಅಸಲಿಗೆ ಸೇರುತ್ತಿರುವುದು ಹತ್ತು ಸಾವಿರದಷ್ಟು ಮಾತ್ರ.

ಇದಕ್ಕಿಂತ ಕೆಟ್ಟ ಸ್ಥಿತಿಯೂ ಉಂಟಾಗಬಹುದು. ಶೇ. 6.75ರ ದರದಲ್ಲಿ 20 ವರ್ಷಕ್ಕೆ 50 ಲಕ್ಷ ಪಡೆದವರ ಕಂತು ಸುಮಾರು 38,018 ರೂಪಾಯಿ. ಅದೇ ಸಾಲದ ಆರಂಭದಲ್ಲಿಯೇ ದರ ಶೇ. 9.25ಕ್ಕೆ ಏರಿದರೆ ಒಂದು ತಿಂಗಳ ಬಡ್ಡಿಯೇ 38,541 ರೂಪಾಯಿಯಾಗುತ್ತದೆ, ಅಂದರೆ ಕಂತು ಕಟ್ಟುತ್ತಿದ್ದರೂ ಸಾಲ ಬೆಳೆಯುತ್ತದೆ. ಈ ಕಾರಣದಿಂದಲೇ ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿ, ದರ ಬದಲಾದಾಗ ಕಂತನ್ನು ಹೆಚ್ಚಿಸುವುದೋ ಅವಧಿಯನ್ನು ವಿಸ್ತರಿಸುವುದೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕೆಂದೂ, ವಸೂಲಾದ ಅಸಲು ಮತ್ತು ಬಡ್ಡಿ, ಉಳಿದ ಕಂತುಗಳ ಸಂಖ್ಯೆ ಹಾಗೂ ದರವನ್ನು ತೋರಿಸುವ ಸ್ಟೇಟ್‌ಮೆಂಟನ್ನು ಪ್ರತಿ ತ್ರೈಮಾಸಿಕದಲ್ಲಿ ಒದಗಿಸಬೇಕೆಂದೂ ಆದೇಶಿಸಿತು. ಈ ಸುತ್ತೋಲೆ ಗೃಹ ಹಣಕಾಸು ಸಂಸ್ಥೆಗಳಿಗೂ ಅನ್ವಯಿಸುತ್ತದೆ.

ಇನ್ನು ನಿಮ್ಮ ದರ ಏಕೆ ಇಳಿದಿಲ್ಲ ಎಂಬುದಕ್ಕೆ ಬರೋಣ. 2025ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ನಾಲ್ಕು ಇಳಿಕೆಗಳಲ್ಲಿ ರೆಪೋ ದರ ಶೇ. 6.5ರಿಂದ ಶೇ. 5.25ಕ್ಕೆ ಬಂದಿದೆ. 2019ರ ಅಕ್ಟೋಬರ್ 1ರ ನಂತರ ಬ್ಯಾಂಕುಗಳು ನೀಡಿದ ಚರ ದರದ ಗೃಹಸಾಲಗಳನ್ನು ರೆಪೋದಂತಹ ಬಾಹ್ಯ ಮಾನದಂಡಕ್ಕೆ ಜೋಡಿಸುವುದು ಕಡ್ಡಾಯವಾಗಿದ್ದು, ಮೂರು ತಿಂಗಳಿಗೊಮ್ಮೆಯಾದರೂ ದರವನ್ನು ಪರಿಷ್ಕರಿಸಲೇಬೇಕು. ನಿಮ್ಮ ನೆರೆಯವರಿಗೆ ದರ ತಾನಾಗಿ ಇಳಿದದ್ದು ಹೀಗೆ. ಗೃಹ ಹಣಕಾಸು ಸಂಸ್ಥೆಗಳಿಗೆ ಆ ಕಡ್ಡಾಯವಿಲ್ಲ. ಅವು ತಮ್ಮದೇ ಆದ ಮೂಲದರವನ್ನು ಇಟ್ಟುಕೊಂಡಿದ್ದು, ಅದನ್ನು ಯಾವಾಗ ಎಷ್ಟು ಇಳಿಸಬೇಕೆಂಬುದನ್ನು ತಾವೇ ತೀರ್ಮಾನಿಸುತ್ತವೆ. ಹೊಸ ಗ್ರಾಹಕರಿಗೆ ಕಡಿಮೆ ದರ, ಹಳಬರಿಗೆ ಹಳೆಯ ದರ ಎಂಬ ರೂಢಿ ಈ ವ್ಯವಹಾರದಲ್ಲಿ ಹೊಸದೇನಲ್ಲ, ಮತ್ತು ಬಾಯಿಬಿಟ್ಟು ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ.

ಶೇ. 8ಕ್ಕೆ ವರ್ಗಾಯಿಸಿದರೆ ಏನಾಗುತ್ತದೆಂಬುದನ್ನು ಲೆಕ್ಕ ಹಾಕಿ ನೋಡಿದೆ. 180 ಕಂತುಗಳನ್ನೇ ಉಳಿಸಿಕೊಂಡರೆ ಕಂತು ಸುಮಾರು 38,230ಕ್ಕೆ ಇಳಿದು, ಒಟ್ಟು ಪಾವತಿಯಲ್ಲಿ ಸುಮಾರು 6.4 ಲಕ್ಷ ಉಳಿಯುತ್ತದೆ. ಕಂತನ್ನು 41,800ರಲ್ಲೇ ಇಟ್ಟರೆ 153 ಕಂತುಗಳಿಗೆ ಸಾಲ ತೀರಿ, ಉಳಿತಾಯ 11 ಲಕ್ಷ ದಾಟುತ್ತದೆ. ವರ್ಗಾವಣೆಯ ಅರ್ಜಿಯಲ್ಲಿ ಅವಧಿಯ ಅಂಕಣವನ್ನು ಬ್ಯಾಂಕಿನ ಪ್ರತಿನಿಧಿ ತುಂಬುವ ಮೊದಲು ನೀವೇ ತುಂಬಿರಿ. ಬಿಟ್ಟರೆ ಮತ್ತೆ 20 ವರ್ಷ ಎಂದು ಬರೆದು, ಕಂತು ಎಷ್ಟು ಕಡಿಮೆಯಾಯಿತು ನೋಡಿ ಎಂದು ತೋರಿಸುತ್ತಾರೆ.

ಆದರೆ ಎಲ್ಲಕ್ಕೂ ಮೊದಲು ನಿಮ್ಮ ಈಗಿನ ಸಂಸ್ಥೆಗೆ ಲಿಖಿತವಾಗಿ ದರ ಪರಿವರ್ತನೆಯ ಕೋರಿಕೆ ಸಲ್ಲಿಸಿ, ಅವರು ಕೇಳುವ ಪರಿವರ್ತನಾ ಶುಲ್ಕವೆಷ್ಟು ಎಂಬುದನ್ನು ತಿಳಿದುಕೊಳ್ಳಿ. ಬೇರೆ ಬ್ಯಾಂಕಿನ ಮಂಜೂರಾತಿ ಪತ್ರ ಕೈಯಲ್ಲಿದ್ದರೆ ಅವರ ಮಾತಿನ ಧಾಟಿ ಬದಲಾಗುತ್ತದೆ.

ಉತ್ತರ: ವಿಜಯನಗರದಿಂದ ಒಬ್ಬರು

ಹಿರಿಯರು ಲೆಕ್ಕವನ್ನು ಸೊಗಸಾಗಿ ಬಿಡಿಸಿದ್ದಾರೆ. ನಾನು ಕಳೆದ ವರ್ಷ ವರ್ಗಾವಣೆ ಮಾಡಿಸಿದವಳಾದ್ದರಿಂದ ಬೆಂಗಳೂರಿನ ಮಟ್ಟಿಗೆ ಎದುರಾಗುವ ಕಾಗದಪತ್ರಗಳ ಸಂಗತಿಯನ್ನು ಸೇರಿಸುತ್ತೇನೆ.

ಚರ ಬಡ್ಡಿದರದ ಗೃಹಸಾಲವನ್ನು ವೈಯಕ್ತಿಕವಾಗಿ ಪಡೆದವರಿಂದ ಅವಧಿಗೆ ಮುನ್ನ ತೀರಿಸಿದ್ದಕ್ಕಾಗಿ ದಂಡ ಶುಲ್ಕ ವಸೂಲು ಮಾಡುವಂತಿಲ್ಲ, ಆದ್ದರಿಂದ ಹಳೆಯ ಸಂಸ್ಥೆಯ ಕಡೆಯಿಂದ ಖರ್ಚು ಹೆಚ್ಚಿರುವುದಿಲ್ಲ. ಖರ್ಚು ಇರುವುದು ಹೊಸ ಬ್ಯಾಂಕಿನ ಕಡೆಗೆ: ಪ್ರೊಸೆಸಿಂಗ್ ಶುಲ್ಕ, ವಕೀಲರ ಅಭಿಪ್ರಾಯ, ಮೌಲ್ಯಮಾಪಕರ ಶುಲ್ಕ, ಎಲ್ಲಕ್ಕಿಂತ ಹೆಚ್ಚಾಗಿ ಹಕ್ಕುಪತ್ರ ಠೇವಣಿಯ ಒಪ್ಪಂದವನ್ನು, ಅಂದರೆ ಎಲ್ಲರೂ ಎಂಒಡಿ ಎಂದು ಕರೆಯುವ ಪತ್ರವನ್ನು, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹೊಸದಾಗಿ ನೋಂದಾಯಿಸುವ ಮುದ್ರಾಂಕ ಶುಲ್ಕ. ಬ್ಯಾಂಕಿನವರು ಬಾಯಿಮಾತಿನಲ್ಲಿ ಪ್ರೊಸೆಸಿಂಗ್ ಶುಲ್ಕ ಮನ್ನಾ ಎನ್ನುವಾಗ ಈ ಕೊನೆಯದನ್ನು ಹೇಳುವುದಿಲ್ಲ. 2024ರ ಅಕ್ಟೋಬರ್‌ನಿಂದ ಹೊಸ ಸಾಲಗಳಿಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡುವುದು ಕಡ್ಡಾಯವಾಗಿದ್ದು, ಎಲ್ಲ ಶುಲ್ಕಗಳೂ ಸೇರಿದ ವಾರ್ಷಿಕ ದರ ಅದರಲ್ಲಿ ಇರಬೇಕು. ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದು ನಿಯಮವೇ ಹೇಳುವುದರಿಂದ ಕನ್ನಡದಲ್ಲಿ ಕೊಡಿ ಎಂದು ಕೇಳಲು ಯಾವ ಸಂಕೋಚವೂ ಬೇಡ. ನಾನು ಕೇಳಿದಾಗ ಶಾಖೆಯ ಸಿಬ್ಬಂದಿ ಒಂದು ಕ್ಷಣ ಮುಖಮುಖ ನೋಡಿಕೊಂಡರು, ಮರುವಾರ ಕೊಟ್ಟರು.

ಎರಡನೆಯದು ಖಾತೆ, ಅಂದರೆ ಪಾಲಿಕೆಯಲ್ಲಿರುವ ಆಸ್ತಿಯ ದಾಖಲೆ. ಹೊಸ ಬ್ಯಾಂಕಿನ ವಕೀಲರು ಮೂಲ ಕ್ರಯಪತ್ರ, ಇಸಿ (ಋಣಭಾರ ಪ್ರಮಾಣಪತ್ರ) ಮತ್ತು ತೆರಿಗೆ ರಸೀದಿಗಳ ಜೊತೆಗೆ ಖಾತೆಯ ಡಿಜಿಟಲ್ ರೂಪವಾದ ಇ-ಖಾತೆಯನ್ನೂ ಕೇಳುತ್ತಾರೆ. ನಿಮ್ಮ ಕ್ರಯಪತ್ರ 2018ರದ್ದಾದ್ದರಿಂದ ಇ-ಖಾತೆ ಇನ್ನೂ ಆಗಿರದ ಸಾಧ್ಯತೆ ಇದೆ. ಹೆಸರಿನ ಅಕ್ಷರ, ಫ್ಲ್ಯಾಟಿನ ವಿಸ್ತೀರ್ಣ ಹಾಗೂ ಅವಿಭಾಜ್ಯ ಜಾಗದ ಪಾಲು ಕ್ರಯಪತ್ರದೊಂದಿಗೆ ತಾಳೆಯಾಗುತ್ತವೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಿ. ನಿಯಮಗಳನ್ನು ಪೂರ್ತಿ ಪಾಲಿಸದ ಆಸ್ತಿಗಳಿಗೆ ಕೊಡುವ ಬಿ-ಖಾತೆಯಾಗಿದ್ದರೆ ಅನೇಕ ಬ್ಯಾಂಕುಗಳು ಹಿಂಜರಿಯುತ್ತವೆ, ಆಗ ಈ ಚರ್ಚೆಯೇ ಬೇರೆ ದಾರಿ ಹಿಡಿಯಬೇಕಾಗುತ್ತದೆ.

ಸಾಲ ತೀರಿದ 30 ದಿನಗಳೊಳಗೆ ಹಳೆಯ ಸಂಸ್ಥೆ ಮೂಲಪತ್ರಗಳನ್ನು ಬಿಟ್ಟುಕೊಡಬೇಕು. ತನ್ನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರಗಳು ಹೊಸ ಬ್ಯಾಂಕಿಗೆ ತಲುಪಿದ ನಂತರ ಹಳೆಯ ಎಂಒಡಿ ರದ್ದಾಗಿದೆಯೇ ಎಂಬುದನ್ನು ಇಸಿ ತೆಗೆಸಿ ಪರಿಶೀಲಿಸಿ. ಮುಂದೆ ಮನೆ ಮಾರುವಾಗ ಮುಗಿದುಹೋದ ಸಾಲದ ಋಣಭಾರ ಇಸಿಯಲ್ಲಿ ಕಾಣಿಸಿಕೊಂಡು ವ್ಯವಹಾರ ತಿಂಗಳುಗಟ್ಟಲೆ ನಿಂತುಹೋದದ್ದನ್ನು ನಮ್ಮ ಬಂಧುಗಳಲ್ಲಿಯೇ ನೋಡಿದ್ದೇನೆ.

ಉತ್ತರ: ತೆರಿಗೆ ಸಲಹೆಗಾರ, ಮಲ್ಲೇಶ್ವರ

ತೆರಿಗೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ, ಸ್ವಂತ ವಾಸದ ಮನೆಯ ಗೃಹಸಾಲದ ಬಡ್ಡಿಗೆ ಯಾವ ಕಡಿತವೂ ಸಿಗುವುದಿಲ್ಲ, ಅಸಲಿಗೂ ಸಿಗುವುದಿಲ್ಲ. ಹಾಗಿರುವಾಗ ತೆರಿಗೆಗಾಗಿ ಸಾಲ ಉಳಿಸಿಕೊಳ್ಳುವ ಮಾತೇ ಏಳುವುದಿಲ್ಲ. ಹಳೆಯ ಪದ್ಧತಿಯಲ್ಲಿದ್ದರೆ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ, ಅಸಲಿಗೆ 1.5 ಲಕ್ಷದ ಒಟ್ಟು ಮಿತಿಯೊಳಗೆ ಕಡಿತವಿದೆ. ಪತಿಪತ್ನಿ ಇಬ್ಬರೂ ಸಹಮಾಲೀಕರೂ ಸಹಸಾಲಗಾರರೂ ಆಗಿದ್ದು ಇಬ್ಬರೂ ಕಂತು ಕಟ್ಟುತ್ತಿದ್ದರೆ, ಬಡ್ಡಿಯ 2 ಲಕ್ಷದ ಮಿತಿ ತಮ್ಮ ತಮ್ಮ ಪಾಲಿಗೆ ಅನುಗುಣವಾಗಿ ಇಬ್ಬರಿಗೂ ಪ್ರತ್ಯೇಕವಾಗಿ ಅನ್ವಯಿಸುತ್ತದೆ. ನಿಮ್ಮ ಈ ವರ್ಷದ ಬಡ್ಡಿ 3.7 ಲಕ್ಷದಷ್ಟಿರುವುದರಿಂದ, ಒಬ್ಬರೇ ಕಡಿತ ಪಡೆಯುತ್ತಿದ್ದರೆ ಅದರಲ್ಲಿ ಸುಮಾರು ಅರ್ಧಕ್ಕೆ ಪ್ರಯೋಜನವೇ ಸಿಗುತ್ತಿಲ್ಲ.

ಠೇವಣಿಯ ಬಡ್ಡಿಗೆ ಪೂರ್ತಿ ತೆರಿಗೆ ಉಂಟು. ಶೇ. 30ರ ಹಂತದಲ್ಲಿರುವವರಿಗೆ ಶೇ. 7ರ ಠೇವಣಿ ತೆರಿಗೆ ಮತ್ತು ಸೆಸ್ ಕಳೆದು ಕೈಗೆ ತರುವುದು ಶೇ. 4.8ರಷ್ಟು. ಒಂದು ಕೈಯಲ್ಲಿ ಶೇ. 9.5 ಕೊಡುತ್ತ ಇನ್ನೊಂದು ಕೈಯಲ್ಲಿ ಶೇ. 4.8 ಪಡೆಯುವುದಕ್ಕೆ ತುರ್ತುನಿಧಿಯೊಂದನ್ನು ಬಿಟ್ಟರೆ ಬೇರೆ ಸಮರ್ಥನೆ ನನಗೆ ತೋಚುವುದಿಲ್ಲ.

ಉತ್ತರ: ವೈಟ್‌ಫೀಲ್ಡ್ ಉದ್ಯೋಗಿ

ಆ ತುರ್ತುನಿಧಿಯನ್ನು ಒಂದು ವಾಕ್ಯದಲ್ಲಿ ಮುಗಿಸಿದ್ದಕ್ಕೆ ನನ್ನ ಆಕ್ಷೇಪವಿದೆ. ಐಟಿ ಕ್ಷೇತ್ರದಲ್ಲಿ ಕೆಲಸ ಹೋದ ಸಹೋದ್ಯೋಗಿಗಳನ್ನು ಕಣ್ಣಾರೆ ಕಂಡಿರುವ ನಾನು, 5 ಲಕ್ಷವನ್ನೂ ಅಸಲಿಗೆ ಸುರಿಯಿರಿ ಎಂದು ಯಾರಿಗೂ ಹೇಳಲಾರೆ. ಕಟ್ಟಿದ ಅಸಲನ್ನು ಕಷ್ಟದ ದಿನ ಬ್ಯಾಂಕು ಹಿಂದಿರುಗಿಸುವುದಿಲ್ಲ, ಮುಂದಿನ ಕಂತಿಗೆ ವಿನಾಯಿತಿಯನ್ನೂ ಕೊಡುವುದಿಲ್ಲ. ಕನಿಷ್ಠ ಆರು ಕಂತುಗಳಷ್ಟು ಹಣವನ್ನು ಮುಟ್ಟದೆ ಇಡಬೇಕು. ಇವರ ಲೆಕ್ಕದಲ್ಲಿ ಅದೇ ಎರಡೂವರೆ ಲಕ್ಷವಾಗುತ್ತದೆ. ಸಾಲದ ಜೊತೆಗೆ ಮಾಡಿಸಿದ ವಿಮೆಯನ್ನೂ ಪರಿಶೀಲಿಸಬೇಕು, ಏಕೆಂದರೆ ಸಾಲಕ್ಕೆ ಜೋಡಿಸಿದ ವಿಮೆ ವರ್ಗಾವಣೆಯ ನಂತರ ಮುಂದುವರಿಯುತ್ತದೆಂದು ಭಾವಿಸಿಕೊಳ್ಳುವಂತಿಲ್ಲ.

ಮರುಪ್ರಶ್ನೆ: ಆರ್.ಆರ್. ನಗರ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಹಿರಿಯರ ಸಲಹೆಯಂತೆ ಸಂಸ್ಥೆಗೆ ಪತ್ರ ಬರೆದೆ. ಬಾಕಿಯ ಶೇ. 0.25ರಷ್ಟು ಪರಿವರ್ತನಾ ಶುಲ್ಕ, ಅದರ ಮೇಲೆ ಜಿಎಸ್‌ಟಿ ಸೇರಿ 11,800 ರೂಪಾಯಿ ಕಟ್ಟಿದರೆ ದರವನ್ನು ಶೇ. 8.35ಕ್ಕೆ ಇಳಿಸುವುದಾಗಿ ಉತ್ತರ ಬಂದಿದೆ. ಎಂಟು ವರ್ಷ ಕೇಳದೆ ಇದ್ದದ್ದು ಒಂದು ಪತ್ರಕ್ಕೆ ಸಿಕ್ಕಿತೆಂಬುದು ನನಗೇ ಸೋಜಿಗ. ನಮ್ಮದು ಎ-ಖಾತೆ, ಇ-ಖಾತೆಯೂ ಆಗಿದೆ. ನಾವಿಬ್ಬರೂ ಹೊಸ ತೆರಿಗೆ ಪದ್ಧತಿಯಲ್ಲಿದ್ದೇವೆ. ಹೀಗಿರುವಾಗ ಶೇ. 8.35ಕ್ಕೆ ಇಲ್ಲೇ ಇರುವುದೇ, ಶೇ. 8ಕ್ಕೆ ಹೋಗುವುದೇ?

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಜಯನಗರ

ಶೇ. 0.35ರ ವ್ಯತ್ಯಾಸ ಮೊದಲ ವರ್ಷದಲ್ಲಿ 14,000 ರೂಪಾಯಿಗಿಂತ ತುಸು ಕಡಿಮೆ, ಬಾಕಿ ಇಳಿದಂತೆ ಅದೂ ಇಳಿಯುತ್ತ ಹೋಗುತ್ತದೆ. ಹೊಸ ಬ್ಯಾಂಕಿನ ಎಲ್ಲ ಖರ್ಚನ್ನೂ ಕೂಡಿಸಿ, ಅದರಿಂದ ಪರಿವರ್ತನಾ ಶುಲ್ಕದ 11,800ನ್ನು ಕಳೆಯಿರಿ. ಉಳಿದ ಮೊತ್ತ ಎರಡು ವರ್ಷದ ಉಳಿತಾಯದಲ್ಲಿ ಹಿಂದಿರುಗುವಂತಿದ್ದರೆ ವರ್ಗಾಯಿಸಿ ಎಂಬುದು ನನ್ನ ಅಭಿಪ್ರಾಯ. ದರದ ಅಂಕಿಗಿಂತಲೂ ನನಗೆ ಮುಖ್ಯವಾಗಿ ಕಾಣುವುದು ಬ್ಯಾಂಕಿನ ದರ ರೆಪೋಗೆ ಕಟ್ಟುಬಿದ್ದಿರುತ್ತದೆ ಎಂಬುದು. ರೆಪೋ ಏರಿದರೆ ಅದು ಅಷ್ಟೇ ಬೇಗ ಏರುತ್ತದೆ, ಅದಕ್ಕೆ ಸಿದ್ಧರಿರಬೇಕು. ಆದರೆ ಇಳಿದಾಗ ಯಾರಿಗೂ ಪತ್ರ ಬರೆಯಬೇಕಾಗಿಲ್ಲ, ಶುಲ್ಕ ಕಟ್ಟಬೇಕಾಗಿಲ್ಲ. ಸಂಸ್ಥೆಯಲ್ಲಿಯೇ ಉಳಿದರೆ ಮುಂದಿನ ಇಳಿಕೆಗೆ ಮತ್ತೊಂದು 11,800 ಕಾದಿರುತ್ತದೆ.

ವೈಟ್‌ಫೀಲ್ಡಿನವರ ಆಕ್ಷೇಪ ಸರಿಯಾದದ್ದೇ, ಆದ್ದರಿಂದ ಠೇವಣಿಯನ್ನು ಹೀಗೆ ಹಂಚಬಹುದು. 40 ಲಕ್ಷವನ್ನು ಶೇ. 8ರ ದರದಲ್ಲಿ ಮೂಲ ಅವಧಿಯ 144 ಕಂತುಗಳೊಳಗೇ ಮುಗಿಸಬೇಕಾದರೆ ಕಂತು 43,300ಕ್ಕೆ ಏರಬೇಕು. ಬದಲಿಗೆ 2 ಲಕ್ಷವನ್ನು ಅಸಲಿಗೆ ಕಟ್ಟಿ 38 ಲಕ್ಷಕ್ಕೆ ಮಾತ್ರ ವರ್ಗಾವಣೆ ಕೇಳಿದರೆ, ಈಗ ಕಟ್ಟುತ್ತಿರುವ 41,800ರ ಕಂತಿನಲ್ಲಿಯೇ 141 ಕಂತುಗಳಿಗೆ ಸಾಲ ಮುಗಿಯುತ್ತದೆ, 3 ಲಕ್ಷ ತುರ್ತುನಿಧಿಯಾಗಿ ನಿಮ್ಮ ಬಳಿಯೇ ಉಳಿಯುತ್ತದೆ. ಆ 2 ಲಕ್ಷವನ್ನು ಹಳೆಯ ಸಂಸ್ಥೆಗೆ ಕಟ್ಟಿ ರಸೀದಿ ಪಡೆದ ಮೇಲೆಯೇ ಸಾಲ ಮುಕ್ತಾಯದ ಪತ್ರವನ್ನು, ಅಂದರೆ ಸಾಲ ತೀರಿಸಲು ಕಟ್ಟಬೇಕಾದ ಒಟ್ಟು ಮೊತ್ತ ತಿಳಿಸುವ ಪತ್ರವನ್ನು, ಕೇಳಿ. ಆ ಪತ್ರದಲ್ಲಿ ನಮೂದಾಗಿರುವ ದಿನಾಂಕದವರೆಗಿನ ಬಡ್ಡಿಗೂ ಹೊಸ ಬ್ಯಾಂಕಿನ ಚೆಕ್ಕಿನ ಮೊತ್ತಕ್ಕೂ ಹೊಂದಿಕೆಯಾಗದಿದ್ದರೆ ಕೆಲವು ನೂರು ರೂಪಾಯಿಗಳ ಬಾಕಿಗಾಗಿ ಖಾತೆ ತೆರೆದೇ ಉಳಿದು, ಸಿಬಿಲ್ ವರದಿಯಲ್ಲಿ (ನಿಮ್ಮ ಸಾಲಗಳ ಇತಿಹಾಸದ ದಾಖಲೆಯಲ್ಲಿ) ಎರಡು ಗೃಹಸಾಲಗಳು ಕಾಣಿಸಿಕೊಳ್ಳುತ್ತವೆ. ಮುಕ್ತಾಯದ ಪತ್ರ ಕೊಡಲು ಸಂಸ್ಥೆ ಸತಾಯಿಸಿದರೆ ಮೊದಲು ಅದರ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ, ಅಲ್ಲಿಯೂ ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ವಸತಿ ಬ್ಯಾಂಕಿನ ಗ್ರಿಡ್ಸ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ.